ಐದು ಸಾವಿರ ಮಕ್ಕಳ ಶಾಲೆಯಲ್ಲಿ ಬೆಂಚಿನ ಗೆಳತಿ ಎಲ್ಲಿ ಸಿಗುತ್ತಾಳೆ?

ನೀವು ಬರೆದದ್ದನ್ನು ಎರಡು ಸಲ ಓದಿದೆ. ಜುಲೈ ಕೊನೆಗೆ ಮೈಸೂರಿನಿಂದ ಟೆಕ್ಸಸ್‌ನ ಆಲನ್‌ಗೆ ಬರುತ್ತಿದ್ದೀರಿ. ಮಗಳು ಒಂಬತ್ತು ಮುಗಿಸಿದ್ದಾಳೆ, ಇಲ್ಲಿ ಹತ್ತನೇ ತರಗತಿಗೆ ಸೇರಬೇಕು. ಆಲನ್ ಹೈಸ್ಕೂಲಿನಲ್ಲಿ ಐದು ಸಾವಿರಕ್ಕೂ ಹೆಚ್ಚು ಮಕ್ಕಳು ಎಂದು ಯಾರೋ ಹೇಳಿದ್ದಾರೆ. ಅಲ್ಲಿಂದ ನಿಮಗೆ ನಿದ್ದೆ ಇಲ್ಲ. ಅಷ್ಟು ಜನರ ನಡುವೆ ಅವಳು ಕಳೆದುಹೋಗುತ್ತಾಳಾ, ಅಮೆರಿಕನ್ ಫುಟ್‌ಬಾಲ್, ಬ್ಯಾಂಡ್ ಅಂತ ಓದು ಹಾಳಾಗುತ್ತದಾ, ಪಕ್ಕದ ಊರಿನ ಚಿಕ್ಕ ಶಾಲೆಯ ಹತ್ತಿರ ಮನೆ ಹಿಡಿಯುವುದು ಒಳ್ಳೆಯದಾ ಎಂದು ಕೇಳಿದ್ದೀರಿ.

ನನ್ನ ಇಬ್ಬರು ಮಕ್ಕಳೂ ಇದೇ ಶಾಲೆಯಲ್ಲಿ ಓದಿದವರು. ಹಾಗಾಗಿ ನೋಡಿದ್ದನ್ನೇ ಬರೆಯುತ್ತೇನೆ.

ಮೊದಲು ಊರಿನ ಬಗ್ಗೆ. ಆಲನ್ ಇರುವುದು ಡಾಲಸ್‌ನ ಉತ್ತರಕ್ಕೆ, 75ನೇ ಹೆದ್ದಾರಿಯ ಎರಡೂ ಕಡೆ. ಜನಸಂಖ್ಯೆ ಒಂದು ಲಕ್ಷದ ಸ್ವಲ್ಪ ಮೇಲೆ. ಇಷ್ಟು ದೊಡ್ಡ ಊರಿಗೆ ಆಲನ್ ಶಾಲಾ ಜಿಲ್ಲೆ ಇಟ್ಟುಕೊಂಡಿರುವುದು ಒಂದೇ ಹೈಸ್ಕೂಲು. ಪಕ್ಕದ ಫ್ರಿಸ್ಕೊದಲ್ಲಿ ಮಕ್ಕಳು ಹೆಚ್ಚಾದ ಹಾಗೆಲ್ಲ ಹೊಸ ಹೈಸ್ಕೂಲು ಕಟ್ಟುತ್ತಾ ಹೋದರು. ಪ್ಲೇನೊದಲ್ಲಿ 9 ಮತ್ತು 10 ಒಂದು ಕಟ್ಟಡ, 11 ಮತ್ತು 12 ಇನ್ನೊಂದು ಕಟ್ಟಡ. ಆಲನ್ ಮಾತ್ರ ಊರಿಗೆ ಒಂದೇ ಶಾಲೆ ಎಂದು ಹಿಡಿದುಕೊಂಡಿದೆ. ಒಂಬತ್ತನೆಯವರಿಗೆ ಲೌರಿ ಫ್ರೆಶ್‌ಮನ್ ಸೆಂಟರ್ ಅಂತ ಬೇರೆ ಕಟ್ಟಡವಿದೆ. 10ರಿಂದ 12ರವರೆಗಿನವರು 1999ರಲ್ಲಿ ಶುರುವಾದ ದೊಡ್ಡ ಕಟ್ಟಡದಲ್ಲಿ. ಒಂಬತ್ತನ್ನೂ ಸೇರಿಸಿದರೆ ಲೆಕ್ಕ ಆರು ಸಾವಿರ ದಾಟುತ್ತದೆ. ಇದು ಸರ್ಕಾರಿ ಶಾಲೆ, ಫೀಸು ಇಲ್ಲ. ಖರ್ಚಿನ ದೊಡ್ಡ ಪಾಲು ಮನೆ ತೆರಿಗೆಯಿಂದ ಬರುತ್ತದೆ. ನೀವು ಬಾಡಿಗೆಗೆ ಇದ್ದರೂ ಆ ತೆರಿಗೆ ಬಾಡಿಗೆಯೊಳಗೆ ಸೇರಿಯೇ ಇರುತ್ತದೆ.

ಈಗ ನಿಮ್ಮ ಹೆದರಿಕೆಗೆ ಬರುತ್ತೇನೆ. ಮಗಳು ಕಳೆದುಹೋಗಬಹುದು, ನಿಜ. ಆದರೆ ಅದಕ್ಕೆ ಕಾರಣ ಮಕ್ಕಳ ಸಂಖ್ಯೆ ಅಲ್ಲ. ನಮ್ಮ ಕಡೆ ಒಂದು ಸೆಕ್ಷನ್ ಇರುತ್ತದೆ. ಹತ್ತನೇ ಬಿ ಅಂದರೆ ಅದೇ ಕೋಣೆ, ಅದೇ ಐವತ್ತು ಮುಖ, ಅದೇ ಬೆಂಚಿನ ಗೆಳತಿ. ಮೇಷ್ಟ್ರು ಬದಲಾಗುತ್ತಾರೆ, ಮಕ್ಕಳು ಕೂತಲ್ಲೇ ಇರುತ್ತಾರೆ. ಇಲ್ಲಿ ಅದು ಉಲ್ಟಾ. ಮೇಷ್ಟ್ರು ಅವರ ಕೋಣೆಯಲ್ಲೇ ಇರುತ್ತಾರೆ, ಮಕ್ಕಳು ಗಂಟೆ ಹೊಡೆದಾಗ ಎದ್ದು ಓಡುತ್ತಾರೆ. ಒಬ್ಬೊಬ್ಬರದ್ದೂ ಬೇರೆ ವೇಳಾಪಟ್ಟಿ. ಗಣಿತದಲ್ಲಿ ಪಕ್ಕ ಕೂತವಳು ಇಂಗ್ಲಿಷ್ ಕ್ಲಾಸಿನಲ್ಲಿ ಇರುವುದಿಲ್ಲ. ಊಟದ ಸರದಿಯೂ ಬೇರೆ ಬೇರೆ. ಇಡೀ ದಿನ ಜನರ ನಡುವೆಯೇ ಇದ್ದು, ಸಂಜೆ ಮನೆಗೆ ಬಂದಾಗ ಯಾರ ಜೊತೆಯೂ ಎರಡು ಮಾತು ಆಡಿರುವುದಿಲ್ಲ. ಫ್ರಿಸ್ಕೊದ ಚಿಕ್ಕ ಶಾಲೆಗೆ ಹೋದರೂ ಪದ್ಧತಿ ಇದೇ.

ನನ್ನ ಮಗಳು ಇಲ್ಲಿ ಹತ್ತಕ್ಕೆ ಸೇರಿದ್ದು 2012ರ ಆಗಸ್ಟ್‌ನಲ್ಲಿ. ಆಗ ನಾನು ಅವಳಿಗೆ ಹೇಳಿದ್ದು ಒಂದೇ ಮಾತು: "ಮೊದಲ ವರ್ಷ ಸುಮ್ನೆ ಓದು, ಬೇರೆ ಏನೂ ಬೇಡ." ಎಂಟು ಪಾಠಕ್ಕೂ ಓದಿನ ವಿಷಯವನ್ನೇ ತುಂಬಿಸಿದೆ. ಡಿಸೆಂಬರ್‌ನಲ್ಲಿ ಒಂದು ದಿನ ಅವಳ ಊಟದ ಡಬ್ಬಿಯಲ್ಲಿ ಚಿತ್ರಾನ್ನ ಹಾಗೇ ವಾಪಸ್ ಬಂತು. ಕೇಳಿದೆ. ಕೂರಲು ಜಾಗ ಹುಡುಕುವುದೇ ಕಷ್ಟ, ಅದಕ್ಕೆ ಲೈಬ್ರರಿಗೆ ಹೋಗ್ತೀನಿ, ಅಲ್ಲಿ ತಿನ್ನೋ ಹಾಗಿಲ್ಲ ಅಂದಳು. ನಾಲ್ಕು ತಿಂಗಳಿಂದ ಹೀಗೇ ನಡೆದಿತ್ತು. ಮನೆಯಲ್ಲಿ ನಗುನಗುತ್ತಲೇ ಇದ್ದಳು, ನನಗೆ ಗೊತ್ತೇ ಆಗಿರಲಿಲ್ಲ. ಇವತ್ತಿಗೂ ಆ ಡಬ್ಬಿ ನೆನಪಾದರೆ ಹೊಟ್ಟೆಯೊಳಗೆ ಸಂಕಟವಾಗುತ್ತದೆ. ತಪ್ಪು ಪೂರ್ತಿ ನನ್ನದೇ.

ಹನ್ನೊಂದರಲ್ಲಿ ಅವಳು ನಾಟಕದ ತಾಂತ್ರಿಕ ತರಗತಿಗೆ ಸೇರಿದಳು. ವೇದಿಕೆಗೆ ಬೇಕಾದ ಗೋಡೆ, ಬಾಗಿಲು ಕಟ್ಟುವುದು, ಬಣ್ಣ ಬಳಿಯುವುದು, ಲೈಟು ನೋಡಿಕೊಳ್ಳುವುದು. ಅಭಿನಯ ಬೇಕಿಲ್ಲ, ಇಂಗ್ಲಿಷ್ ಉಚ್ಚಾರಣೆಯ ಚಿಂತೆಯೂ ಇಲ್ಲ. ಶಾಲೆ ಬಿಟ್ಟ ಮೇಲೆ ಮೂರು ಗಂಟೆ ಅದೇ ಇಪ್ಪತ್ತು ಜನ, ಅದೇ ಸುತ್ತಿಗೆ, ಅದೇ ಪಿಜ್ಜಾ. ಸೆಕ್ಷನ್ ಸಿಕ್ಕಿತು ಅವಳಿಗೆ. ಬೆಂಚಿನ ಗೆಳತಿಯೂ ಸಿಕ್ಕಳು. ಹೋದ ವರ್ಷ ಮಗಳ ಮದುವೆಗೆ ಆ ಹುಡುಗಿ ಬೆಂಗಳೂರಿನ ತನಕ ಬಂದಿದ್ದಳು.

ಇಲ್ಲಿ ಚಟುವಟಿಕೆ ಅಂದರೆ ಟೈಮ್‌ಪಾಸ್ ಅಲ್ಲ. ಸೆಕ್ಷನ್ ಇಲ್ಲದ ಶಾಲೆಯಲ್ಲಿ ಅದೇ ಸೆಕ್ಷನ್. ಬ್ಯಾಂಡ್, ಗಾಯನ, ನಾಟಕ, ಚರ್ಚಾಕೂಟ ಇವೆಲ್ಲ ಶಾಲಾ ವೇಳೆಯಲ್ಲೇ ಒಂದೊಂದು ತರಗತಿ, ಅವಕ್ಕೂ ಕ್ರೆಡಿಟ್, ಅಂದರೆ ಕೋರ್ಸು ಪಾಸಾದ ಲೆಕ್ಕ, ಉಂಟು. ಟೆಕ್ಸಸ್‌ನಲ್ಲಿ ಹೈಸ್ಕೂಲು ಮುಗಿಸಲು ಲಲಿತಕಲೆಯ ಒಂದು ಕ್ರೆಡಿಟ್ ಬೇಕೇ ಬೇಕು. ವ್ಯಾಯಾಮದ್ದೂ ಒಂದು ಬೇಕು. ಹೆಜ್ಜೆ ಹಾಕುತ್ತಾ ನುಡಿಸುವ ಮಾರ್ಚಿಂಗ್ ಬ್ಯಾಂಡ್‌ನಲ್ಲಿದ್ದರೆ ವ್ಯಾಯಾಮದ ಲೆಕ್ಕಕ್ಕೂ ಅದನ್ನೇ ಹಿಡಿಯುತ್ತಾರೆ.

ಬ್ಯಾಂಡ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಲೇಬೇಕು. ಇಲ್ಲಿಯದರ ಹೆಸರು ಆಲನ್ ಈಗಲ್ ಎಸ್ಕಡ್ರಿಲ್. ಬ್ಯಾಂಡು, ಬಾವುಟ ಬೀಸುವವರು, ನೃತ್ಯದ ಹುಡುಗಿಯರು ಎಲ್ಲ ಸೇರಿ ಆರು ನೂರಕ್ಕೂ ಹೆಚ್ಚು ಮಕ್ಕಳು. ಮೈಸೂರಿನವರಾದ ನಿಮಗೆ ಬನ್ನಿಮಂಟಪದ ಪಂಜಿನ ಕವಾಯತು ಗೊತ್ತಲ್ವಾ? ಫುಟ್‌ಬಾಲ್ ಪಂದ್ಯದ ನಡುವಿನ ಬಿಡುವಿನಲ್ಲಿ ಇವರು ಮೈದಾನ ತುಂಬಿದಾಗ ನನಗೆ ಅದೇ ನೆನಪಾಗುತ್ತದೆ. ಆದರೆ ಈ ಸಾಲುಗಳಲ್ಲಿ ಇರುವವರು ಪೊಲೀಸರಲ್ಲ, ಹದಿನೈದು ಹದಿನಾರರ ಮಕ್ಕಳು. ನನ್ನ ಮಗ ಅಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದ. ಆಗಸ್ಟ್‌ನ 38 ಡಿಗ್ರಿ ಬಿಸಿಲಿನಲ್ಲಿ ಅಭ್ಯಾಸ ಶುರು. ಎಲ್ಲರೂ ಒಟ್ಟಿಗೆ ಬೆವರುತ್ತಾರೆ, ಒಟ್ಟಿಗೆ ನೀರು ಕುಡಿಯುತ್ತಾರೆ. ಪಾಠ ಶುರುವಾಗುವ ಮೊದಲೇ ಅವನಿಗೆ ಎಪ್ಪತ್ತು ಕ್ಲಾರಿನೆಟ್ ಗೆಳೆಯರು ಇದ್ದರು. ನಿಮ್ಮ ಮಗಳಿಗೆ ಮಾತ್ರ ವಾದ್ಯ ಹಿಡಿದು ಇದರೊಳಗೆ ಸೇರುವುದು ಕಷ್ಟ. ಇಲ್ಲಿಯವರು ಹೈಸ್ಕೂಲಿಗೆ ಬರುವ ಮೊದಲೇ ಕಲಿತು ಬಂದಿರುತ್ತಾರೆ.

ಅವಳು ಕರ್ನಾಟಕ ಸಂಗೀತದ ಜೂನಿಯರ್ ಪರೀಕ್ಷೆ ಮುಗಿಸಿದ್ದಾಳೆ ಎಂದು ಬರೆದಿದ್ದೀರಿ. ನನ್ನ ಮಾತು ಕೇಳಿ, ಕಾಯರ್‌ಗೆ, ಅಂದರೆ ಗುಂಪುಗಾಯನಕ್ಕೆ, ಸೇರಿಸಿ. ಹೊಸಬರಿಗೆ ಆರಂಭದ ತಂಡ ಇರುತ್ತದೆ. ಮೊದಲ ತಿಂಗಳು ಅವಳಿಗೆ ಗೊಂದಲವಾಗುತ್ತದೆ. ನಮ್ಮಲ್ಲಿ ಎಲ್ಲರೂ ಒಂದೇ ಸ್ವರದಲ್ಲಿ ಹಾಡುತ್ತೇವೆ. ಅಲ್ಲಿ ನಾಲ್ಕು ಗುಂಪು, ನಾಲ್ಕು ಬೇರೆ ಸ್ವರ, ಒಂದೇ ಹೊತ್ತಿಗೆ. ಪಕ್ಕದವಳ ಸ್ವರ ಕಿವಿಗೆ ಬಿದ್ದರೂ ತನ್ನದನ್ನು ಬಿಡಬಾರದು. ಗೆರೆಗಳ ಮೇಲೆ ಚುಕ್ಕಿ ಬರೆದ ಸ್ವರಲಿಪಿ ಓದಲು ಕಲಿಯಬೇಕು. ಆದರೆ ತಂಬೂರಿಗೆ ಕಿವಿ ಕೊಟ್ಟು ಬೆಳೆದವಳು, ಶ್ರುತಿ ಕೈಬಿಡುವುದಿಲ್ಲ. ಅದನ್ನು ಇಲ್ಲಿಯ ಮೇಷ್ಟ್ರುಗಳು ಬೇಗ ಗುರುತಿಸುತ್ತಾರೆ. ಬ್ಯಾಡ್ಮಿಂಟನ್ ಆಡುತ್ತಾಳೆ ಎಂದಿದ್ದೀರಿ. ಶಾಲೆಗಳ ನಡುವಿನ ಸ್ಪರ್ಧೆಯಲ್ಲಿ ಇಲ್ಲಿ ಬ್ಯಾಡ್ಮಿಂಟನ್ ಇಲ್ಲ, ಟೆನಿಸ್ ಇದೆ. ರಾಕೆಟ್ ತಂದಿರಲಿ, ವಾರಾಂತ್ಯದಲ್ಲಿ ಆಡಲು ನಮ್ಮ ಮಕ್ಕಳೇ ಬೇಕಾದಷ್ಟು ಸಿಗುತ್ತಾರೆ.

ಸ್ಪರ್ಧೆಗಳನ್ನೆಲ್ಲ ನಡೆಸುವುದು ಯುಐಎಲ್ (ಯೂನಿವರ್ಸಿಟಿ ಇಂಟರ್‌ಸ್ಕೊಲಾಸ್ಟಿಕ್ ಲೀಗ್). 1910ರಲ್ಲಿ ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯ ಶುರು ಮಾಡಿದ ಸಂಸ್ಥೆ. ಫುಟ್‌ಬಾಲ್ ಅಷ್ಟೇ ಅಲ್ಲ, ಚರ್ಚೆ, ಏಕಾಂಕ ನಾಟಕ, ಕಾಗುಣಿತ, ಗಣಿತ ಎಲ್ಲಕ್ಕೂ ಅವರದೇ ಪಂದ್ಯಗಳು. ಅದರಲ್ಲಿ ನಂಬರ್ ಸೆನ್ಸ್ ಅಂತ ಒಂದು ಇದೆ. ಹತ್ತು ನಿಮಿಷ, 80 ಲೆಕ್ಕ, ಎಲ್ಲ ಬಾಯಿಲೆಕ್ಕ. ಉತ್ತರ ಬಿಟ್ಟು ಹಾಳೆಯ ಮೇಲೆ ಬೇರೇನೂ ಬರೆಯುವ ಹಾಗಿಲ್ಲ. ಮಗ್ಗಿ ಬಾಯಿಪಾಠ ಮಾಡಿ ಬಂದ ಮಕ್ಕಳಿಗೆ ಇದು ಬಹಳ ಹಿಡಿಸುತ್ತದೆ.

ಓದು ಹಾಳಾಗುತ್ತದಾ ಎಂಬ ಪ್ರಶ್ನೆಗೆ ಟೆಕ್ಸಸ್ 1984ರಲ್ಲೇ ಕಾನೂನು ಮಾಡಿದೆ. ಪಾಸಾಗದಿದ್ದರೆ ಆಟವಿಲ್ಲ. ಯಾವುದಾದರೂ ವಿಷಯದಲ್ಲಿ 70ಕ್ಕಿಂತ ಕಡಿಮೆ ಬಂದರೆ ಮೂರು ವಾರ ಪಂದ್ಯಕ್ಕೂ ಇಲ್ಲ, ಪ್ರದರ್ಶನಕ್ಕೂ ಇಲ್ಲ. ಕೆಲವು ಕಠಿಣ ಕೋರ್ಸುಗಳಿಗೆ ವಿನಾಯಿತಿ ಇದೆ, ಅಷ್ಟೇ. ತಂಡದ ನಕ್ಷತ್ರ ಆಟಗಾರನಿಗೂ ಇದೇ ನಿಯಮ. ಶಾಲೆಯ ವಾರದಲ್ಲಿ, ತರಗತಿಯ ಹೊರಗೆ ಒಂದು ಚಟುವಟಿಕೆಯ ಅಭ್ಯಾಸ ಎಂಟು ಗಂಟೆ ಮೀರಬಾರದು ಎಂಬ ನಿಯಮವೂ ಇದೆ.

ಫುಟ್‌ಬಾಲ್ ಹುಚ್ಚು ಇದೆ, ಬಹಳ ಇದೆ. 2009ರಲ್ಲಿ ಊರಿನವರು ಮತ ಹಾಕಿ 11.9 ಕೋಟಿ ಡಾಲರ್ ಸಾಲಪತ್ರಕ್ಕೆ ಒಪ್ಪಿದರು. ಅದರಲ್ಲಿ ಸುಮಾರು ಆರು ಕೋಟಿ ಡಾಲರ್‌ನಲ್ಲಿ 18,000 ಜನ ಕೂರುವ ಈಗಲ್ ಸ್ಟೇಡಿಯಂ ಕಟ್ಟಿದರು. ಶುರುವಾದದ್ದು ನನ್ನ ಮಗಳು ಸೇರಿದ 2012ರಲ್ಲೇ. ಎರಡೇ ವರ್ಷಕ್ಕೆ ಕಾಂಕ್ರೀಟಿನಲ್ಲಿ ಬಿರುಕು ಬಿಟ್ಟು ಮುಚ್ಚಿದರು. 2014ರ ಋತುವಿನಲ್ಲಿ ತಮ್ಮೂರಿನಲ್ಲಿ ಆಡಬೇಕಿದ್ದ ಪಂದ್ಯಗಳನ್ನು ಪ್ಲೇನೊದಲ್ಲಿ ಆಡಿದರು, ಆದರೂ ರಾಜ್ಯ ಚಾಂಪಿಯನ್ ಆದರು. ಆಗ ತಂಡದ ಆಟ ಮುನ್ನಡೆಸುವ ಕ್ವಾರ್ಟರ್‌ಬ್ಯಾಕ್ ಕೈಲರ್ ಮರ್ರೆ. ಅವನು ಶುರುವಿನಿಂದ ಆಡಿದ 42 ಪಂದ್ಯಗಳಲ್ಲಿ ಒಂದನ್ನೂ ಶಾಲೆ ಸೋಲಲಿಲ್ಲ. ಮುಂದೆ 2018ರಲ್ಲಿ ಅವನಿಗೆ ಕಾಲೇಜು ಫುಟ್‌ಬಾಲಿನ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿ ಬಂತು. ಶಾಲೆಗೆ ಅಷ್ಟು ದೊಡ್ಡ ಸ್ಟೇಡಿಯಂ ಬೇಕಿತ್ತಾ ಎಂದು ನನಗೆ ಈಗಲೂ ಅನ್ನಿಸುತ್ತದೆ. ಆದರೆ ಅದೇ ಸಾಲದ ಹಣದಲ್ಲಿ ರಂಗಮಂದಿರವನ್ನೂ ಕಟ್ಟಿದರು. ನನ್ನ ಮಗಳು ಲೈಟು ಹಿಡಿದದ್ದು ಅಲ್ಲೇ.

ಶುಕ್ರವಾರದ ರಾತ್ರಿ ಪಂದ್ಯಕ್ಕೆ ನೀವೂ ಹೋಗಿ. ಆಟ ಅರ್ಥವಾಗದಿದ್ದರೂ ಪರವಾಗಿಲ್ಲ. ಪೋಷಕರ ಬೂಸ್ಟರ್ ಸಂಘಕ್ಕೆ ಹೆಸರು ಕೊಡಿ. ಮಕ್ಕಳಿಗೆ ನೀರು ಹಂಚುವುದು, ತಿಂಡಿ ಮಾರುವುದು, ಸಾಮಾನು ಎತ್ತುವುದು, ಎಲ್ಲ ಅಪ್ಪ ಅಮ್ಮಂದಿರೇ ಮಾಡುತ್ತಾರೆ. ಹೊಸದಾಗಿ ಬಂದವರಿಗೆ ಕನ್ನಡ ಸಂಘದಾಚೆ ಊರು ಪರಿಚಯವಾಗುವುದು ಇಲ್ಲೇ.

ಹಳೆಯ ವಿದ್ಯಾರ್ಥಿಗಳನ್ನು ಶಾಲೆಗೆ ಕರೆಯುವ ಹೋಮ್‌ಕಮಿಂಗ್ ವಾರದಲ್ಲಿ ಒಂದು ಚೆಂದದ ಪದ್ಧತಿ ಇದೆ, ಟೆಕ್ಸಸ್‌ಗೇ ವಿಶೇಷ. ಹುಡುಗಿಯರು ಎದೆ ಮೇಲೆ ಮಮ್ ಧರಿಸುತ್ತಾರೆ. ಮಮ್ ಅಂದರೆ ನಮ್ಮ ಸೇವಂತಿಗೆ! ಮೊದಲು ನಿಜ ಹೂವೇ ಇತ್ತಂತೆ, ಈಗ ಬಟ್ಟೆಯ ಹೂವು. ಅದರಿಂದ ಮೊಣಕಾಲವರೆಗೆ ಇಳಿಬಿದ್ದ ರಿಬ್ಬನ್‌ಗಳು, ಹೆಸರು, ಸಣ್ಣ ಗಂಟೆಗಳು. ಹುಡುಗರು ತೋಳಿಗೆ ಚಿಕ್ಕದೊಂದು ಕಟ್ಟಿಕೊಳ್ಳುತ್ತಾರೆ. ಆ ದಿನ ಕಾರಿಡಾರಿನ ತುಂಬ ಗೆಜ್ಜೆಯ ಸದ್ದು. ಅಂಗಡಿಯಲ್ಲಿ ದುಬಾರಿ. ಮನೆಯಲ್ಲೇ ಮಾಡಬಹುದು, ಹೂ ಕಟ್ಟಿ ಗೊತ್ತಿದ್ದವರಿಗೆ ಕಷ್ಟವೇ ಅಲ್ಲ.

ದೊಡ್ಡ ಶಾಲೆಯಲ್ಲಿ ನನಗೆ ಹಿಡಿಸದ್ದು ರ‍್ಯಾಂಕಿನ ಒತ್ತಡ. 1997ರ ಕಾನೂನಿನ ಪ್ರಕಾರ ತರಗತಿಯ ಮೇಲಿನ ಶೇ 10ರಷ್ಟು ಮಕ್ಕಳಿಗೆ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ನೇರ ಪ್ರವೇಶ. ಆಸ್ಟಿನ್‌ಗೆ ಮಾತ್ರ ಅದು ಶೇ 6 ಇತ್ತು, 2026ರಿಂದ ಶೇ 5. ಬ್ಯಾಚಿನಲ್ಲಿ 1,600 ಮಕ್ಕಳಿದ್ದರೆ 80 ಜನ. ಕಾಲೇಜು ಮಟ್ಟದ ಎಪಿ ಕೋರ್ಸುಗಳಿಗೆ ಅಂಕದ ತೂಕ ಜಾಸ್ತಿ, ಕಾಯರ್‌ಗೆ ಕಡಿಮೆ. ಅದಕ್ಕೇ ನಮ್ಮವರಲ್ಲಿ ಎಷ್ಟೋ ಜನ ಮಕ್ಕಳನ್ನು ಹಾಡಿನಿಂದ, ಆಟದಿಂದ ಬಿಡಿಸಿ ಎಪಿ ತುಂಬುತ್ತಾರೆ. ದಯವಿಟ್ಟು ನೀವು ಹಾಗೆ ಮಾಡಬೇಡಿ. ಎರಡು ಎಪಿ ಕಡಿಮೆಯಾದರೆ ಇನ್ನೊಂದು ಒಳ್ಳೆಯ ಕಾಲೇಜು ಸಿಗುತ್ತದೆ. ಹದಿನೈದನೇ ವಯಸ್ಸಿನಲ್ಲಿ ಒಂಟಿಯಾಗಿ ಕಳೆದ ವರ್ಷ ವಾಪಸ್ ಸಿಗುವುದಿಲ್ಲ.

ನೀವು ಕೇಳಲಿಲ್ಲ, ಆದರೂ ಸುರಕ್ಷತೆಯ ಮಾತು ಮುಚ್ಚಿಡುವುದಿಲ್ಲ. 2023ರ ಮೇ 6ರಂದು ನಮ್ಮೂರಿನ ಔಟ್‌ಲೆಟ್ ಮಾಲ್‌ನಲ್ಲಿ ಒಬ್ಬ ಗುಂಡು ಹಾರಿಸಿ ಎಂಟು ಜನರನ್ನು ಕೊಂದ. ಅವರಲ್ಲಿ ಭಾರತದಿಂದ ಬಂದ ಒಬ್ಬ ಯುವ ಎಂಜಿನಿಯರ್ ಕೂಡ ಇದ್ದಳು. ಆ ವಾರ ಊರೇ ಮಂಕಾಗಿತ್ತು. ಪ್ರತಿ ಸರ್ಕಾರಿ ಶಾಲೆಯಲ್ಲೂ ಶಸ್ತ್ರಧಾರಿ ಕಾವಲು ಇರಬೇಕೆಂದು ಅದೇ ವರ್ಷ ಟೆಕ್ಸಸ್ ಕಾನೂನು ತಂದಿತು. ಮಕ್ಕಳಿಗೆ ಬಾಗಿಲು ಹಾಕಿ ಕೂರುವ ಅಭ್ಯಾಸವನ್ನೂ ಮಾಡಿಸುತ್ತಾರೆ. ಮೊದಲ ಸಲ ಅದು ನಡೆದ ದಿನ ಮಗಳು ಬೆಚ್ಚಿ ಬರಬಹುದು. ಬರುವ ಮೊದಲೇ ಅವಳ ಜೊತೆ ಮಾತಾಡಿಡಿ.

ಈಗ ಕೈಯಲ್ಲಿ ಮಾಡಬೇಕಾದ ಕೆಲಸ. ಲಸಿಕೆ ಕಾರ್ಡು ನೋಡಿ. ಇಲ್ಲಿ ಚಿಕನ್‌ಪಾಕ್ಸ್, ಹೆಪಟೈಟಿಸ್ ಎ, ಮೆನಿಂಜೈಟಿಸ್ ಲಸಿಕೆಗಳೂ ಬೇಕು. ನಮ್ಮ ಮಕ್ಕಳಿಗೆ ಸಾಮಾನ್ಯವಾಗಿ ಇವೇ ಬಿಟ್ಟುಹೋಗಿರುತ್ತವೆ, ಮೈಸೂರಿನಲ್ಲೇ ಹಾಕಿಸಿ. ಎಂಟು, ಒಂಬತ್ತರ ಅಂಕಪಟ್ಟಿಗೆ ಶಾಲೆಯ ಮೊಹರು ಹಾಕಿಸಿಕೊಳ್ಳಿ. ಬಾಡಿಗೆ ಕರಾರು ನಿಮ್ಮ ಹೆಸರಲ್ಲಿ ಇರಲಿ. ಮನೆ ಆಲನ್ ಶಾಲಾ ಜಿಲ್ಲೆಯ ಗಡಿಯೊಳಗೇ ಇದೆಯಾ ಎಂದು ಸಹಿ ಹಾಕುವ ಮೊದಲು ನೋಡಿ, ಅಂಚೆ ವಿಳಾಸ ಆಲನ್ ಎಂದಿದ್ದರೆ ಸಾಲದು. ಮದುವೆ, ಉಪನಯನ ಅಂತ ಶಾಲೆ ನಡೆಯುವಾಗ ಊರಿಗೆ ಹೊರಡಬೇಡಿ. ತರಗತಿಗಳಿಗೆ ಶೇ 90 ಹಾಜರಿ ಇಲ್ಲದಿದ್ದರೆ ಕ್ರೆಡಿಟ್ ಕೈತಪ್ಪಬಹುದು.

ಇಲ್ಲಿ ಪಾಠ ಶುರುವಾಗುವುದು ಆಗಸ್ಟ್ ಮಧ್ಯಕ್ಕೆ. ಅದಕ್ಕೂ ಮುಂಚೆ ಕೌನ್ಸೆಲರ್ ಕೂರಿಸಿಕೊಂಡು ವೇಳಾಪಟ್ಟಿ ಮಾಡುತ್ತಾರೆ. ಆ ಹಾಳೆಯಲ್ಲಿ ಕಾಯರ್ ಅಂತ ಬರೆಸಿದ ಮೇಲೆಯೇ ಎದ್ದು ಬನ್ನಿ. ನಿಮ್ಮ ಮಗಳಿಗೆ ಏನಾದರೂ ಕೇಳಬೇಕು ಅನಿಸಿದರೆ ಹೇಳಿ, ಅವಳ ಜೊತೆ ಮಾತಾಡುತ್ತೇನೆ ಎಂದು ನನ್ನ ಮಗಳು ಈಗಾಗಲೇ ಒಪ್ಪಿದ್ದಾಳೆ. ಮೊದಲ ವಾರ ಊಟಕ್ಕೆ ಎಲ್ಲಿ ಕೂರಬೇಕು ಅನ್ನುವುದನ್ನು ನನಗಿಂತ ಅವಳೇ ಚೆನ್ನಾಗಿ ಹೇಳುತ್ತಾಳೆ.