ಬಿಟ್ಟಿ ಕೆಲಸಕ್ಕೂ ಒಂದು ಬಿಲ್ ಇರಲಿ

ಪ್ರಿಯ ಓದುಗರೇ,

ನಿಮ್ಮ ಪತ್ರ ಉದ್ದವಾಗಿತ್ತು, ಅದರಲ್ಲಿ ಸಿಟ್ಟೂ ಇತ್ತು. ಹಾಗಾಗಿ ಉತ್ತರವೂ ಉದ್ದವೇ ಆಗುತ್ತದೆ, ಸಹಿಸಿಕೊಳ್ಳಿ. ಉಳಿದ ಓದುಗರಿಗಾಗಿ ನಿಮ್ಮ ಮಾತನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ನೀವು, ನಿಮ್ಮ ಪಾರ್ಟ್ನರ್ ಸೇರಿ ಐದು ಜನರ ಕ್ರಿಯೇಟಿವ್ ಏಜೆನ್ಸಿ ನಡೆಸುತ್ತಿದ್ದೀರಿ. ಪ್ಯಾಕೇಜಿಂಗ್, ವೆಬ್‌ಸೈಟ್, ಜಾಹೀರಾತು ಹೊಟ್ಟೆಪಾಡಿನ ಕೆಲಸ. ಅದರ ಜೊತೆಗೆ ಮಕ್ಕಳ ಲೈಬ್ರರಿ, ವೃದ್ಧರನ್ನು ನೋಡಿಕೊಳ್ಳುವ ಕೇಂದ್ರ, ರಕ್ತದಾನದ ಗುಂಪು ಅಂತ ಕೇಳಿದವರಿಗೆಲ್ಲ ಬಿಟ್ಟಿಯಾಗಿ ಮಾಡಿಕೊಡುತ್ತೀರಿ. ಈಗ ಎಲ್ಲ ಕಡೆಯಿಂದ ತಕರಾರು. ಒಂದು ಸಂಸ್ಥೆಯ ವಾರ್ಷಿಕ ವರದಿ ನಾಲ್ಕು ತಿಂಗಳಿಂದ ನಿಮ್ಮ ಬಳಿಯೇ ಕೂತಿದೆ. ನಿಮ್ಮ ಹುಡುಗರು ಭಾನುವಾರವೂ ದುಡಿದು ಸುಸ್ತಾಗಿದ್ದಾರೆ. ಹಳೇ ಕ್ಲೈಂಟ್ ಒಬ್ಬರು "ಅವರಿಗೆ ಫ್ರೀ, ನಮಗೆ ಮಾತ್ರ ಇಷ್ಟು ಬಿಲ್ಲಾ?" ಅಂದಿದ್ದಾರೆ. ಎಲ್ಲ ನಿಲ್ಲಿಸಿಬಿಡೋಣ ಅನ್ನುವುದು ಪಾರ್ಟ್ನರ್ ಮಾತು. ಪ್ರತ್ಯೇಕ ಟ್ರಸ್ಟ್ ಮಾಡಿದರೆ ಸರಿ ಹೋಗುತ್ತದಾ ಅನ್ನುವುದು ನಿಮ್ಮ ಪ್ರಶ್ನೆ.

ನಿಲ್ಲಿಸುವುದು ಬೇಡ. ಪತ್ರವನ್ನು ಎರಡನೇ ಸಲ ಓದಿದಾಗ ನನಗೆ ಒಂದು ಕಾಣಿಸಿತು. ದುಡ್ಡು ಕೊಡುವವರು ಬಂದರೆ ನೀವು ಬ್ರೀಫ್, ಅಂದರೆ ಏನು ಬೇಕು ಅನ್ನುವ ವಿವರ ಬರೆಸಿಕೊಳ್ಳುತ್ತೀರಿ, ಕೊಟೇಶನ್ ಕೊಡುತ್ತೀರಿ, ಎಷ್ಟು ಸಲ ಕರೆಕ್ಷನ್, ಯಾವ ತಾರೀಖಿಗೆ ಫೈನಲ್ ಅಂತ ಮೊದಲೇ ಹೇಳುತ್ತೀರಿ. ಸೇವಾ ಸಂಸ್ಥೆಯವರು ಬಂದರೆ? "ಆಯ್ತು ಬಿಡಿ, ಮಾಡಿಕೊಡೋಣ." ಅಷ್ಟೇ. ತಾರೀಖಿಲ್ಲದ ಕೆಲಸ ಯಾವಾಗಲೂ ತಾರೀಖಿರುವ ಕೆಲಸದ ಹಿಂದೆಯೇ ನಿಲ್ಲುತ್ತದೆ. ಆ ವಾರ್ಷಿಕ ವರದಿ ಅಲ್ಲಿಯೇ ಕೂತಿರುವುದಕ್ಕೆ ಬೇರೆ ಕಾರಣ ಹುಡುಕಬೇಡಿ.

ಆದ್ದರಿಂದ ಮೊದಲ ಸಲಹೆ: ಬಿಟ್ಟಿ ಕೆಲಸಕ್ಕೂ ಬಿಲ್ ಮಾಡಿ. ತಮಾಷೆ ಅಲ್ಲ. ನಿಮ್ಮ ಮಾಮೂಲಿ ಇನ್‌ವಾಯ್ಸನ್ನೇ ತೆಗೆದುಕೊಳ್ಳಿ. ಮೇಲೆ ಜಾಬ್ ನಂಬರ್. ಕೆಳಗೆ ಒಂದೊಂದೇ ಸಾಲು: ಬರವಣಿಗೆ ತಿದ್ದಿದ್ದು ಆರು ಗಂಟೆ, ಪುಟ ವಿನ್ಯಾಸ ಹದಿನೆಂಟು ಗಂಟೆ, ಫೋಟೋ ಸರಿಪಡಿಸಿದ್ದು ನಾಲ್ಕು ಗಂಟೆ, ಎರಡು ರೌಂಡ್ ಕರೆಕ್ಷನ್. ಪ್ರತಿ ಸಾಲಿಗೂ ಬೇರೆ ಕ್ಲೈಂಟ್‌ಗೆ ಹಾಕುವ ದರವನ್ನೇ ಹಾಕಿ. ಒಟ್ಟು ಮೊತ್ತ ಬರೆಯಿರಿ. ಅದರ ಕೆಳಗೆ "ಸಮುದಾಯ ಸೇವೆಯ ರಿಯಾಯಿತಿ, ಶೇಕಡಾ 100" ಅಂತ ಬರೆದು, ಕೊನೆಯಲ್ಲಿ ಸೊನ್ನೆ ಹಾಕಿ ಕಳಿಸಿ. ಲೆಕ್ಕಪತ್ರದಲ್ಲಿ ಇದನ್ನು ಹೇಗೆ ತೋರಿಸಬೇಕು ಅಂತ ನಿಮ್ಮ ಅಕೌಂಟೆಂಟನ್ನು ಮಾತ್ರ ಒಂದು ಮಾತು ಕೇಳಿ.

ಈ ಒಂದು ಹಾಳೆ ಎಷ್ಟು ಕೆಲಸ ಮಾಡುತ್ತದೆ ನೋಡಿ. ಸಂಸ್ಥೆಯವರಿಗೆ ತಮಗೆ ಬಂದದ್ದರ ಬೆಲೆ ಗೊತ್ತಾಗುತ್ತದೆ. ಬೆಲೆ ಗೊತ್ತಾದ ಮೇಲೆ "ಇನ್ನೊಂದು ಹತ್ತು ಡಿಸೈನ್ ತೋರಿಸಿ, ಸುಮ್ನೆ ನೋಡೋಣ" ಅನ್ನುವ ಮಾತು ಕಡಿಮೆಯಾಗುತ್ತದೆ. ನಿಮಗೆ ವರ್ಷದ ಕೊನೆಗೆ ಎಷ್ಟು ಗಂಟೆ ಕೊಟ್ಟಿರಿ ಅನ್ನುವ ಲೆಕ್ಕ ಸಿಗುತ್ತದೆ. ಗೊಣಗಿದ ಆ ಹಳೇ ಕ್ಲೈಂಟ್‌ಗೂ ಉತ್ತರ ಇಲ್ಲೇ ಇದೆ: ನಾವು ದರ ಇಳಿಸಿಲ್ಲ, ಎಲ್ಲರಿಗೂ ಒಂದೇ ದರ, ಇವರ ಬಿಲ್ಲನ್ನು ನಮ್ಮ ಲಾಭದಿಂದ ನಾವೇ ಕಟ್ಟಿದ್ದೇವೆ. ಇಷ್ಟು ಹೇಳಿದ ಮೇಲೂ ಗೊಣಗಿದರೆ ಗೊಣಗಲಿ ಬಿಡಿ.

ಎರಡನೆಯದು ಗಂಟೆಗಳ ಮಿತಿ. ವಕೀಲರು, ವಾಸ್ತುಶಿಲ್ಪಿಗಳು ಈ ಲೆಕ್ಕವನ್ನು ನಮಗಿಂತ ಮೊದಲೇ ಹಾಕಿದ್ದಾರೆ. ಅಮೆರಿಕನ್ ಬಾರ್ ಅಸೋಸಿಯೇಶನ್‌ನ ಮಾದರಿ ನಿಯಮದ ಪ್ರಕಾರ ಒಬ್ಬ ವಕೀಲರು ವರ್ಷಕ್ಕೆ ಕನಿಷ್ಠ 50 ಗಂಟೆಯನ್ನು ಹಣವಿಲ್ಲದವರಿಗಾಗಿ ಕೊಡುವ ಗುರಿ ಇಟ್ಟುಕೊಳ್ಳಬೇಕು. ಸ್ಯಾನ್ ಫ್ರಾನ್ಸಿಸ್ಕೋದ ಪಬ್ಲಿಕ್ ಆರ್ಕಿಟೆಕ್ಚರ್ ಅನ್ನುವ ಸಂಸ್ಥೆ ವಾಸ್ತುಶಿಲ್ಪಿಗಳ ಕಚೇರಿಗಳನ್ನು ಕೇಳಿದ್ದು ಇನ್ನೂ ಸಣ್ಣದು: ದುಡಿಮೆಯ ಸಮಯದ ಶೇಕಡಾ 1. ವರ್ಷಕ್ಕೆ 2,080 ಗಂಟೆ ದುಡಿಮೆ ಅಂದರೆ ಒಬ್ಬರಿಗೆ ಸುಮಾರು 20 ಗಂಟೆ. ನಿಮ್ಮ ಐದು ಜನಕ್ಕೆ ಇದೇ ಲೆಕ್ಕ ಹಾಕಿದರೆ ವರ್ಷಕ್ಕೆ ನೂರು ಗಂಟೆ ಆಯಿತು. ಕಡಿಮೆ ಅನಿಸಿದರೆ ಶೇಕಡಾ 3 ಮಾಡಿ, 5 ಮಾಡಿ. ಎಷ್ಟಾದರೂ ಇರಲಿ, ವರ್ಷದ ಶುರುವಿನಲ್ಲೇ ಗೋಡೆಯ ಮೇಲೆ ಬರೆದಿಡಿ. ಮುಗಿದ ಮೇಲೆ ಬಂದವರಿಗೆ "ಈ ವರ್ಷದ್ದು ಆಗಿಹೋಯಿತು, ಮುಂದಿನ ವರ್ಷ ಮೊದಲ ಹೆಸರು ನಿಮ್ಮದೇ" ಅನ್ನಿ. ಇಲ್ಲ ಅನ್ನುವುದು ನಿಮಗೆ ಕಷ್ಟ ಅಂತ ಪತ್ರದಲ್ಲೇ ಗೊತ್ತಾಗುತ್ತದೆ. ಅಂಕಿ ತೋರಿಸಿ ಇಲ್ಲ ಅನ್ನುವುದು ಅಷ್ಟು ಕಷ್ಟವಲ್ಲ.

ಆ ಗಂಟೆಗಳು ಆಫೀಸಿನ ಸಮಯದಲ್ಲೇ ಇರಬೇಕು. ಈ ವಿಷಯದಲ್ಲಿ ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ಭಾನುವಾರ ಹುಡುಗರನ್ನು ಕೂರಿಸಿದರೆ ದಾನ ಕೊಟ್ಟವರು ಅವರು, ಹೆಸರು ಬಂದದ್ದು ನಿಮಗೆ. ಅವರನ್ನು ನೀವು ಕೇಳಿದ್ದಿರಬಹುದು, ಅವರು ಹೂಂ ಅಂದಿರಲೂಬಹುದು. ಸಂಬಳ ಕೊಡುವವರು ಕೇಳಿದಾಗ ಉಹೂಂ ಅನ್ನುವವರು ಎಷ್ಟು ಜನ ಇದ್ದಾರೆ, ಅಲ್ವಾ?

ಚೂರುಚೂರಾಗಿ ಸಮಯ ಸಿಗುವುದಿಲ್ಲ ಅನ್ನುವುದಾದರೆ ಒಂದೇ ಸಲ ಮಾಡುವ ದಾರಿಯೂ ಇದೆ. ಅಮೆರಿಕದ ಸೌತ್ ಕೆರೊಲಿನಾದ ರಿಗ್ಸ್ ಪಾರ್ಟ್ನರ್ಸ್ ಅನ್ನುವ ಏಜೆನ್ಸಿ 1998ರಲ್ಲಿ ಕ್ರಿಯೇಟಥಾನ್ ಶುರು ಮಾಡಿತು. 24 ಗಂಟೆ ಒಟ್ಟಿಗೆ ಕೂತು ಸೇವಾ ಸಂಸ್ಥೆಗಳ ಕೆಲಸ ಮುಗಿಸುವುದು. ಆಮೇಲೆ ಬೇರೆ ಏಜೆನ್ಸಿಗಳೂ ಅದನ್ನು ನಡೆಸಿದವು. ರಾತ್ರಿಯಿಡೀ ಎಚ್ಚರ ಇರುವುದು ನನ್ನ ವಯಸ್ಸಿನವರಿಗೆ ಆಗದ ಮಾತು. ಆದರೆ ಆ ಪದ್ಧತಿಯ ಒಳಗುಟ್ಟು ಎಚ್ಚರ ಇರುವುದರಲ್ಲಿಲ್ಲ. ಮಾಹಿತಿ, ಫೋಟೋ, ಒಪ್ಪಿಗೆ ಎಲ್ಲ ಆ ದಿನಕ್ಕೆ ಮೊದಲೇ ಕೈಗೆ ಬಂದಿರಬೇಕು, ಇಲ್ಲದಿದ್ದರೆ ಕೂತು ಪ್ರಯೋಜನವಿಲ್ಲ. ನೀವು ಎರಡು ಮಾಮೂಲಿ ಕೆಲಸದ ದಿನ ಇಟ್ಟುಕೊಂಡು ಇದನ್ನೇ ಮಾಡಬಹುದು.

ಇನ್ನು ಕೈಯಿಂದ ಹೋಗುವ ಖರ್ಚು. ನಿಮ್ಮ ಶ್ರಮ ಬಿಟ್ಟಿ, ಸರಿ. ಪ್ರಿಂಟರ್‌ಗೆ ಯಾರು ಕೊಡುತ್ತಾರೆ? ಫಾಂಟ್ ಲೈಸೆನ್ಸ್, ಸ್ಟಾಕ್ ಫೋಟೋ, ಡೊಮೈನ್, ಹೋಸ್ಟಿಂಗ್? ಅಮೆರಿಕದಲ್ಲಿ 1942ರಲ್ಲಿ ಯುದ್ಧದ ಕಾಲಕ್ಕೆ ಅಂತ ಹುಟ್ಟಿ, ಈಗ ಆ್ಯಡ್ ಕೌನ್ಸಿಲ್ ಆಗಿರುವ ಸಂಸ್ಥೆಯ ಕ್ರಮ ನೋಡಿ. ಕಾಡ್ಗಿಚ್ಚಿನ ಬಗ್ಗೆ ಎಚ್ಚರಿಸುವ ಸ್ಮೋಕಿ ಅನ್ನುವ ಕರಡಿ ಚಿತ್ರದ ಪ್ರಚಾರ ಅವರದೇ, 1944ರಿಂದ ಇದೆ. ಅಲ್ಲಿ ಏಜೆನ್ಸಿ ತನ್ನ ತಲೆಯನ್ನು ಬಿಟ್ಟಿ ಕೊಡುತ್ತದೆ, ಮಾಧ್ಯಮಗಳು ಜಾಗ ಬಿಟ್ಟಿ ಕೊಡುತ್ತವೆ. ಜಾಹೀರಾತು ತಯಾರಿಸುವ ಖರ್ಚು ಮಾತ್ರ ಪ್ರಚಾರ ಬೇಕಾದ ಸಂಸ್ಥೆಯದು. ಇಷ್ಟು ಸ್ಪಷ್ಟವಾಗಿ ನೀವೂ ಮೊದಲೇ ಹೇಳಿಬಿಡಿ. ಇಲ್ಲದಿದ್ದರೆ ಎಲ್ಲ ಬಿಲ್ಲೂ ನಿಮ್ಮ ಮೇಲೇ ಬರುತ್ತದೆ, ಮುಖ ಕೆಡಿಸಿಕೊಳ್ಳುವುದೂ ತಪ್ಪುವುದಿಲ್ಲ.

ಸಮಿತಿಯ ಕಾಟದ ಬಗ್ಗೆ ನೀವು ಬರೆದದ್ದು ಓದಿ ನಕ್ಕೆ. ಏಳು ಜನರ ವಾಟ್ಸಾಪ್ ಗುಂಪು, ಒಬ್ಬರಿಗೆ ಹಸಿರು ಬೇಕು, ಒಬ್ಬರಿಗೆ ಬೇಡ, ಮೂರನೆಯವರು ರಾತ್ರಿ ಹನ್ನೊಂದಕ್ಕೆ "ನಮ್ಮ ಅಧ್ಯಕ್ಷರ ಫೋಟೋ ಸ್ವಲ್ಪ ದೊಡ್ಡದು ಮಾಡಿ" ಅಂತಾರೆ. ಕೆಲಸ ಒಪ್ಪಿಕೊಳ್ಳುವಾಗಲೇ ಒಂದು ಷರತ್ತು ಹಾಕಿ. ಹೂಂ ಅನ್ನುವ ಅಧಿಕಾರ ಒಬ್ಬರಿಗೆ ಮಾತ್ರ. ಆ ಒಬ್ಬರು ಯಾರು ಅಂತ ಅವರೇ ತೀರ್ಮಾನಿಸಲಿ.

ಯಾವ ಕೆಲಸ ಮಾಡಿಕೊಡಬೇಕು ಅನ್ನುವುದರಲ್ಲೂ ನನಗೊಂದು ಅಭಿಪ್ರಾಯ ಇದೆ. ಸಣ್ಣ ಸಂಸ್ಥೆಗೆ ಹೊಸ ಲೋಗೋದಷ್ಟು ಉಪಯೋಗವಿಲ್ಲದ ಉಡುಗೊರೆ ಕಡಿಮೆ. ಏಜೆನ್ಸಿಗೆ ಅದು ಖುಷಿಯ ಕೆಲಸ, ಒಪ್ಪಿಕೊಳ್ಳುತ್ತೇನೆ. ಆದರೆ ಮಕ್ಕಳ ಲೈಬ್ರರಿಗೆ ಬೇಕಾದದ್ದು ಅಲ್ಲಿನ ಸಿಬ್ಬಂದಿಯೇ ತಾರೀಖು ಬದಲಿಸಿ ಮತ್ತೆ ಮತ್ತೆ ಬಳಸಬಹುದಾದ ಒಂದು ಪೋಸ್ಟರ್. ವೃದ್ಧರ ಕೇಂದ್ರಕ್ಕೆ ಬೇಕಾದದ್ದು ದಪ್ಪ ಅಕ್ಷರದ, ಓದಲು ಸುಲಭವಾದ ಒಂದು ಫಾರಂ. ಅವರ ಬಳಿ ಇರುವ ಸಾಫ್ಟ್‌ವೇರ್‌ನಲ್ಲಿ ತೆರೆಯುವ ಫೈಲ್ ಕೊಡಿ. ಎಲ್ಲ ಫೈಲ್‌ಗಳನ್ನು, ಪಾಸ್‌ವರ್ಡ್‌ಗಳನ್ನು ಒಂದು ಫೋಲ್ಡರಿಗೆ ಹಾಕಿ ಒಪ್ಪಿಸಿ. ನಮ್ಮ ಪತ್ರಿಕೆಯಲ್ಲಿ ಜಾಗ ಉಳಿದಾಗ ಸೇವಾ ಸಂಸ್ಥೆಗಳ ಜಾಹೀರಾತನ್ನು ಉಚಿತವಾಗಿ ಹಾಕುತ್ತೇವೆ. ಬರುವ ಲೋಗೋ ಎಷ್ಟೋ ಸಲ ಅವರದೇ ವೆಬ್‌ಸೈಟಿನಿಂದ ಇಳಿಸಿಕೊಂಡ ಹೆಬ್ಬೆರಳಿನಷ್ಟು ಚಿತ್ರ. ದೊಡ್ಡದು ಮಾಡಿದರೆ ಚೌಕ ಚೌಕ ಕಾಣುತ್ತದೆ. ಮೂಲ ಫೈಲ್ ಕೇಳಿದರೆ, ಮಾಡಿಕೊಟ್ಟವರ ಫೋನ್ ನಂಬರೇ ಅವರ ಬಳಿ ಇರುವುದಿಲ್ಲ.

ಹಕ್ಕು ಯಾರದ್ದು ಅನ್ನುವುದನ್ನೂ ಬರೆದಿಡಿ. ನ್ಯೂಯಾರ್ಕ್‌ನ ಆ ಕೆಂಪು ಹೃದಯದ 'ಐ ಲವ್ ನ್ಯೂಯಾರ್ಕ್' ಗುರುತು ಎಲ್ಲರೂ ನೋಡಿದ್ದೇ. ರಾಜ್ಯದ 1977ರ ಪ್ರವಾಸೋದ್ಯಮ ಪ್ರಚಾರಕ್ಕಾಗಿ ಡಿಸೈನರ್ ಮಿಲ್ಟನ್ ಗ್ಲೇಸರ್ ಅದನ್ನು ದುಡ್ಡು ತೆಗೆದುಕೊಳ್ಳದೆ ಮಾಡಿಕೊಟ್ಟರು. ಟ್ಯಾಕ್ಸಿಯಲ್ಲಿ ಕೂತು ಗೀಚಿದ ಮೊದಲ ಚಿತ್ರ ಈಗ ಮ್ಯೂಸಿಯಂ ಸೇರಿದೆ. ಗುರುತಿನ ಹಕ್ಕು ರಾಜ್ಯ ಸರ್ಕಾರದ್ದು, ಲೈಸೆನ್ಸಿನ ಹಣವೂ ಅದಕ್ಕೇ. ಏಡ್ಸ್ ಜಾಗೃತಿಯ ಕೆಂಪು ರಿಬ್ಬನ್ ಇದಕ್ಕೆ ಪೂರ್ತಿ ಉಲ್ಟಾ. 1991ರಲ್ಲಿ ಅದನ್ನು ಮಾಡಿದ ನ್ಯೂಯಾರ್ಕಿನ ಕಲಾವಿದರ ಗುಂಪು ಯಾರೂ ಹಕ್ಕು ಇಟ್ಟುಕೊಳ್ಳುವುದು ಬೇಡ, ಬೇಕಾದವರು ಮಾಡಿಕೊಂಡು ಹಾಕಿಕೊಳ್ಳಲಿ ಅಂತ ಬಿಟ್ಟಿತು. ಯಾವುದು ಸರಿ ಅಂದರೆ ಎರಡೂ ಸರಿ. ನಿಮ್ಮ ಕೆಲಸದಲ್ಲಿ ಇವೆರಡರಲ್ಲಿ ಯಾವುದು ಅನ್ನುವುದು ಒಂದು ಸಾಲಿನಲ್ಲಿ ಬರೆದಿದ್ದರೆ ಸಾಕು.

ಹೇಳಿಕೊಳ್ಳಬಹುದಾ ಅಂತಲೂ ಕೇಳಿದ್ದೀರಿ. ಧಾರಾಳವಾಗಿ. ನಿಮ್ಮ ವೆಬ್‌ಸೈಟಿನಲ್ಲಿ ಹಾಕಿ, ಸಂಸ್ಥೆಯವರ ಒಪ್ಪಿಗೆ ಪಡೆದು. ಪ್ರಶಸ್ತಿಗೋಸ್ಕರ ಸಂಸ್ಥೆ ಹುಡುಕುವ ಚಾಳಿಗೆ ಮಾತ್ರ ಬೀಳಬೇಡಿ. 2009ರಲ್ಲಿ ಏನಾಯಿತು ಅಂತ ನಿಮ್ಮ ಉದ್ಯಮದಲ್ಲಿ ಹಳಬರಿಗೆ ನೆನಪಿರಬಹುದು. ಡಿಡಿಬಿ ಬ್ರೆಜಿಲ್ ಏಜೆನ್ಸಿ ವನ್ಯಜೀವಿ ರಕ್ಷಣೆಯ ಸಂಸ್ಥೆ ಡಬ್ಲ್ಯುಡಬ್ಲ್ಯುಎಫ್ ಬ್ರೆಜಿಲ್‌ಗಾಗಿ ಒಂದು ಜಾಹೀರಾತು ಮಾಡಿತ್ತು. ಮ್ಯಾನ್‌ಹಟನ್ ಕಡೆಗೆ ನುಗ್ಗುವ ವಿಮಾನಗಳ ಹಿಂಡು, 2001ರ ಸೆಪ್ಟೆಂಬರ್ 11ರ ದಾಳಿಯಲ್ಲಿ ಸತ್ತವರಿಗೂ ಸುನಾಮಿಯಲ್ಲಿ ಸತ್ತವರ ಸಂಖ್ಯೆಗೂ ಹೋಲಿಕೆ. ವನ್ ಶೋ ಅನ್ನುವ ಜಾಹೀರಾತು ಸ್ಪರ್ಧೆಯಲ್ಲಿ ಅದಕ್ಕೆ ಮನ್ನಣೆಯೂ ಸಿಕ್ಕಿತು. ಜನ ನೋಡಿ ಸಿಟ್ಟಾದರು, ಎರಡೂ ಕಡೆಯವರು ಕ್ಷಮೆ ಕೇಳಿದರು. ಇಲ್ಲದ ಕ್ಲೈಂಟ್‌ಗಾಗಿ ಅಥವಾ ಕ್ಲೈಂಟ್ ಒಪ್ಪಿಗೆ ಇಲ್ಲದೆ ಮಾಡಿದ ಜಾಹೀರಾತು ಕಳಿಸುವ ಏಜೆನ್ಸಿಗಳನ್ನು 5 ವರ್ಷ ಹೊರಗಿಡುತ್ತೇವೆ ಅಂತ ಸ್ಪರ್ಧೆ ನಡೆಸುವವರು ನಿಯಮ ತಂದರು. ಸಂಸ್ಥೆಗೆ ಇದರಿಂದ ಉಳಿದದ್ದು ಕೆಟ್ಟ ಹೆಸರು ಮಾತ್ರ.

ಟ್ರಸ್ಟ್ ವಿಷಯ ಕೊನೆಗಿಟ್ಟೆ, ಯಾಕೆಂದರೆ ಉತ್ತರ ಚಿಕ್ಕದು. ಈಗ ಬೇಡ. ಟ್ರಸ್ಟ್ ಅಂದರೆ ಇನ್ನೊಂದು ಬ್ಯಾಂಕ್ ಖಾತೆ, ಇನ್ನೊಂದು ಆಡಿಟ್, ಇನ್ನೊಂದಿಷ್ಟು ಸಭೆಗಳ ಟಿಪ್ಪಣಿ. ನೀವು ಕೊಡುತ್ತಿರುವುದು ದುಡ್ಡಲ್ಲ, ನಿಮ್ಮ ಸಮಯ. ಅದಕ್ಕೆ ಟೈಮ್‌ಶೀಟ್ ಸಾಕು. ಒಂದು ವರ್ಷದ ಟೈಮ್‌ಶೀಟ್ ಮುಂದಿಟ್ಟುಕೊಂಡು ಪಾರ್ಟ್ನರ್ ಜೊತೆ ಕೂತು ಮಾತಾಡಿ, ಮುಂದಿನ ವರ್ಷಕ್ಕೆ ಎಷ್ಟು ಗಂಟೆ ಅಂತ ಅವರೇ ಹೇಳಲಿ. ಮುಂದೆ ಯಾರಾದರೂ ಹೊರಗಿನವರು ಈ ಕೆಲಸಕ್ಕೆ ಅಂತ ನಿಮ್ಮ ಕೈಗೆ ದುಡ್ಡು ಕೊಡಲು ಬಂದರೆ ಆಗ ಟ್ರಸ್ಟ್ ಬಗ್ಗೆ ಯೋಚಿಸಿ. ಆಗ ಪತ್ರ ಬರೆಯಬೇಕಾದ್ದು ಸಂಪಾದಕರಿಗಲ್ಲ, ಒಬ್ಬ ಒಳ್ಳೆಯ ಚಾರ್ಟರ್ಡ್ ಅಕೌಂಟೆಂಟಿಗೆ.

— ಸಂಪಾದಕ