ಓದುಗರ ಪ್ರಶ್ನೆ, ನಮ್ಮ ಉತ್ತರ: ರಕ್ತ ಕೊಟ್ಟವರು ಮತ್ತೆ ಬರಬೇಕಾದರೆ

ಪ್ರಶ್ನೆ: ನಮ್ಮ ಸಂಘವು ವರ್ಷಕ್ಕೊಮ್ಮೆ ರಕ್ತದಾನ ಶಿಬಿರ ನಡೆಸುತ್ತದೆ. ಅಂದು ಜನ ಉತ್ಸಾಹದಿಂದ ಬರುತ್ತಾರೆ. ಆದರೆ ಬೇರೆ ದಿನಗಳಲ್ಲಿ ರಕ್ತನಿಧಿಯವರು ಕರೆದರೆ ಬಹುಮಂದಿ ಏನಾದರೊಂದು ನೆಪ ಹೇಳಿ ಜಾರಿಕೊಳ್ಳುತ್ತಾರೆ. ಇವರನ್ನು ನಿಯಮಿತ ದಾನಿಗಳನ್ನಾಗಿ ಮಾಡುವುದು ಹೇಗೆ? ನಗದು ಬಹುಮಾನ ಇಟ್ಟರೆ ಪ್ರಯೋಜನವಾದೀತೇ?

ಉತ್ತರ: ಒಂದೇ ದಿನ ಸಂಗ್ರಹಿಸಿದ ರಕ್ತವನ್ನು ವರ್ಷವಿಡೀ ಇಟ್ಟುಕೊಂಡು ಬಳಸಲು ಬರುವುದಿಲ್ಲ. ಕೆಂಪು ರಕ್ತಕಣಗಳನ್ನು, ಅವುಗಳಿಗೆ ಬೆರೆಸಿದ ಸಂರಕ್ಷಕ ದ್ರಾವಣಕ್ಕೆ ಅನುಗುಣವಾಗಿ, 35ರಿಂದ 42 ದಿನಗಳೊಳಗೆ ರೋಗಿಗೆ ಕೊಡಬೇಕು; ಪ್ಲೇಟ್‌ಲೆಟ್‌ಗಳ ಅವಧಿಯಂತೂ 5ರಿಂದ 7 ದಿನ ಮಾತ್ರ. ಇತ್ತ ತೀವ್ರ ಥಲಸ್ಸೇಮಿಯಾ (ದೇಹದಲ್ಲಿ ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ಆನುವಂಶಿಕ ಕಾಯಿಲೆ) ಇರುವ ಮಗುವಿಗೆ ಕೆಲವೇ ವಾರಗಳಿಗೊಮ್ಮೆ, ತಪ್ಪದೆ, ರಕ್ತ ಬೇಕಾಗುತ್ತದೆ. ಆದ್ದರಿಂದ ನಿಮ್ಮಲ್ಲಿರುವ ದಾನಿಗಳನ್ನೇ ನಾಲ್ಕೈದು ತಂಡಗಳಾಗಿ ವಿಂಗಡಿಸಿ, ರಕ್ತನಿಧಿಯವರೊಡನೆ ಮಾತನಾಡಿ, ತಂಡಕ್ಕೊಂದು ತಿಂಗಳನ್ನು ಗೊತ್ತುಮಾಡಿಕೊಂಡರೆ, ಒಂದೇ ದಿನದ ದೊಡ್ಡ ಶಿಬಿರಕ್ಕಿಂತ ಹೆಚ್ಚಿನ ಉಪಕಾರವಾಗುತ್ತದೆ. ವೇದಿಕೆಯೂ ಭಾಷಣವೂ ಇಲ್ಲದ ಇಂಥ ಕೆಲಸಕ್ಕೆ ಪ್ರಚಾರ ಸಿಗದು ಎಂಬುದು ನಿಜ; ಸಂಘದ ಪದಾಧಿಕಾರಿಗಳು ಅದಕ್ಕೆ ಸಿದ್ಧರಿರಬೇಕು.

ಇದು ಹೊಸ ಉಪಾಯವೇನಲ್ಲ. 1921ರಲ್ಲಿ ಲಂಡನ್ನಿನಲ್ಲಿ ರೆಡ್‌ಕ್ರಾಸ್‌ನ ಕಾರ್ಯಕರ್ತ ಪರ್ಸಿ ಆಲಿವರ್ ಅವರು ಆಸ್ಪತ್ರೆಯೊಂದರ ತುರ್ತು ಕರೆಗೆ ಓಗೊಟ್ಟ ಬಳಿಕ, ಕರೆದಾಗ ಬರಲೊಪ್ಪುವ ದಾನಿಗಳ ಹೆಸರು, ವಿಳಾಸ, ಆರೋಗ್ಯದ ವಿವರಗಳನ್ನು ಕಾರ್ಡುಗಳಲ್ಲಿ ಬರೆದಿಟ್ಟುಕೊಂಡು, ತಮ್ಮ ಮನೆಯಿಂದಲೇ ಆ ಸೇವೆಯನ್ನು ನಡೆಸಿದರು. ನಿಮಗೂ ಬೇಕಾದದ್ದು ಅಂಥದೇ ಒಂದು ಪಟ್ಟಿ ಮತ್ತು ಅದನ್ನು ನೋಡಿಕೊಳ್ಳುವ ಒಬ್ಬ ಹೊಣೆಗಾರ. ದಾನಿಯು ರಕ್ತ ಕೊಟ್ಟು, ಹಣ್ಣಿನ ರಸ ಕುಡಿಯುತ್ತಾ ಕುಳಿತಿರುವಾಗಲೇ ಅವರ ಮುಂದಿನ ಸರದಿಯ ದಿನಾಂಕವನ್ನು ಕೇಳಿ ಬರೆದುಕೊಳ್ಳಿ. ಎಂದಾದರೊಂದು ದಿನ ಬರುತ್ತೇನೆ ಎಂದವರಿಗಿಂತ ದಿನಾಂಕ ಕೊಟ್ಟವರು ಬರುವ ಸಾಧ್ಯತೆ ಹೆಚ್ಚು. ಸ್ವೀಡನ್ನಿನ ರಕ್ತಕೇಂದ್ರಗಳು ದಾನಿಯ ರಕ್ತ ಬಳಕೆಯಾದ ಕೂಡಲೇ ಅವರ ಮೊಬೈಲಿಗೆ ಸಂದೇಶ ಕಳುಹಿಸುತ್ತವೆ. ನಿಮ್ಮ ರಕ್ತನಿಧಿಯಲ್ಲಿ ಆ ಏರ್ಪಾಡು ಸಾಧ್ಯವೇ ಎಂದು ವಿಚಾರಿಸಿ ನೋಡಿ.

ನೆಪ ಹೇಳುವವರಲ್ಲಿ ಕೆಲವರಿಗಾದರೂ ಮೊದಲ ಸಲದ ಅನುಭವ ಕಹಿಯಾಗಿರಬಹುದು. ಮೊದಲ ಬಾರಿಗೆ ರಕ್ತ ಕೊಡುವ ಯುವಜನರಿಗೆ ತಲೆಸುತ್ತು ಬರುವ ಸಂಭವ ಹೆಚ್ಚು. ಸೂಜಿ ತೆಗೆದ ಮೇಲೆ ಹುಡುಗನ ಮುಖ ಬಿಳಿಚಿಕೊಂಡು, ಹಣೆಯ ಮೇಲೆ ಬೆವರು ಮೂಡುತ್ತಿರುತ್ತದೆ. ಕೇಳಿದರೆ "ಏನೂ ಆಗಿಲ್ಲ" ಎಂದು ಸಂಕೋಚದಿಂದ ಎದ್ದು ನಿಲ್ಲುತ್ತಾನೆ, ಎರಡು ಹೆಜ್ಜೆ ಇಡುವಷ್ಟರಲ್ಲಿ ಕುಸಿಯುತ್ತಾನೆ. ಎಲ್ಲರೆದುರು ಹಾಗೆ ಬಿದ್ದವನು ಮತ್ತೆ ಬರಲು ಹಿಂಜರಿದರೆ ಆಶ್ಚರ್ಯವಿಲ್ಲ. ಹೊಟ್ಟೆಗೆ ಆಹಾರ ತೆಗೆದುಕೊಂಡು ಬರುವಂತೆ ಮೊದಲೇ ತಿಳಿಸುವುದು, ರಕ್ತ ಕೊಡುವುದಕ್ಕೆ ಸ್ವಲ್ಪ ಮುಂಚೆ ಸುಮಾರು ಅರ್ಧ ಲೀಟರ್ ನೀರು ಕುಡಿಸುವುದು, ಮಲಗಿರುವಾಗ ತೊಡೆ ಮತ್ತು ಕಾಲಿನ ಸ್ನಾಯುಗಳನ್ನು ಆಗಾಗ ಬಿಗಿದು ಸಡಿಲಿಸಲು ಹೇಳುವುದು, ಇವಿಷ್ಟರಿಂದ ಇಂಥ ಪ್ರಸಂಗಗಳು ಬಹುಮಟ್ಟಿಗೆ ಕಡಿಮೆಯಾಗುತ್ತವೆ. ಹೊಸಬರ ಪಕ್ಕದಲ್ಲಿ ಅನುಭವಿ ದಾನಿಯೊಬ್ಬರು ಮಾತನಾಡುತ್ತಾ ಕುಳಿತಿರಲಿ.

ನಗದು ಬಹುಮಾನ ಖಂಡಿತ ಬೇಡ. ಹಣದ ಆಸೆಗೆ ಬಂದವರು ತಮ್ಮ ಕಾಯಿಲೆಗಳನ್ನು ಮುಚ್ಚಿಡುವ ಸಾಧ್ಯತೆಯಿದೆ. ಇತ್ತೀಚೆಗಷ್ಟೇ ತಗುಲಿದ ಸೋಂಕು ಪ್ರಯೋಗಾಲಯದ ಪರೀಕ್ಷೆಯಲ್ಲಿ ಕಾಣಿಸಿಕೊಳ್ಳದ ಕೆಲವು ದಿನಗಳು ಇದ್ದೇ ಇರುವುದರಿಂದ, ದಾನಿಯ ಪ್ರಾಮಾಣಿಕ ಉತ್ತರವೇ ಅಲ್ಲಿ ರೋಗಿಗಿರುವ ರಕ್ಷಣೆ. ವಿಶ್ವ ಆರೋಗ್ಯ ಸಂಸ್ಥೆಯು ಪ್ರತಿಫಲವಿಲ್ಲದ ಸ್ವಯಂಪ್ರೇರಿತ ದಾನವನ್ನೇ ಒತ್ತಾಯಿಸುವುದಕ್ಕೆ ಇದೂ ಒಂದು ಕಾರಣ.

ಪ್ರಶ್ನೆ: ಮೇಲಿಂದ ಮೇಲೆ ರಕ್ತ ಕೊಟ್ಟರೆ ನಿಶ್ಶಕ್ತಿ ಉಂಟಾಗುವುದಿಲ್ಲವೇ?

ಉತ್ತರ: ವಯಸ್ಕರ ದೇಹದಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ, ಒಮ್ಮೆಗೆ ತೆಗೆಯುವುದು 350ರಿಂದ 450 ಮಿಲಿಲೀಟರ್. ದ್ರವಭಾಗವು ಒಂದೆರಡು ದಿನಗಳಲ್ಲಿ ತುಂಬಿಕೊಳ್ಳುತ್ತದೆ, ಕೆಂಪು ಕಣಗಳಿಗೆ ಕೆಲವು ವಾರಗಳು ಬೇಕು. ನಿಧಾನವಾಗುವುದು ಕಬ್ಬಿಣಾಂಶದ ವಿಷಯದಲ್ಲಿ: ಪ್ರತಿ ದಾನದಲ್ಲಿ 200ರಿಂದ 250 ಮಿಲಿಗ್ರಾಂನಷ್ಟು ಕಬ್ಬಿಣ ಹೋಗುತ್ತದೆ, ಅದು ಮತ್ತೆ ಸೇರಲು ತಿಂಗಳುಗಳೇ ಹಿಡಿಯಬಹುದು. ಎರಡು ದಾನಗಳ ನಡುವೆ ಇಂತಿಷ್ಟು ಅಂತರವಿರಬೇಕೆಂದು ಬಹುತೇಕ ದೇಶಗಳು ನಿಯಮ ಮಾಡಿರುವುದು, ಅನೇಕ ಕಡೆ ಮಹಿಳೆಯರಿಗೆ ಹೆಚ್ಚಿನ ಅಂತರ ಹೇಳಿರುವುದು ಇದಕ್ಕಾಗಿಯೇ. ಆ ಅಂತರವನ್ನು ಪಾಲಿಸುವ ಆರೋಗ್ಯವಂತರಿಗೆ ತೊಂದರೆಯಾಗುವುದು ಅಪರೂಪ. ಆದರೂ ಹಲವು ವರ್ಷಗಳಿಂದ ಕೊಡುತ್ತಿರುವವರು ಆಗಾಗ ದೇಹದ ಕಬ್ಬಿಣದ ಸಂಗ್ರಹವನ್ನು ತೋರಿಸುವ ಫೆರಿಟಿನ್ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಹಿಮೋಗ್ಲೋಬಿನ್ ಸರಿಯಾಗಿದ್ದರೂ ಕಬ್ಬಿಣದ ಸಂಗ್ರಹ ತಗ್ಗಿರಬಹುದು.

ಪ್ರಶ್ನೆ: ಹಿಮೋಗ್ಲೋಬಿನ್ ಕಡಿಮೆಯಿದೆಯೆಂದು ನನ್ನ ಮಗಳನ್ನು ಶಿಬಿರದಿಂದ ಹಿಂದಕ್ಕೆ ಕಳುಹಿಸಿದರು. ಅವಳು ಬಹಳ ಬೇಸರಗೊಂಡಿದ್ದಾಳೆ. ಏನು ಮಾಡಲಿ?

ಉತ್ತರ: ಅದು ಬಹುಪಾಲು ತಾತ್ಕಾಲಿಕ ತಡೆ ಎಂದು ಅವಳಿಗೆ ತಿಳಿಸಿ ಹೇಳಿ. ತಾವಾಗಿಯೇ ಮಾತ್ರೆ ತಂದುಕೊಡದೆ, ಕೊರತೆಗೆ ಕಾರಣವೇನೆಂದು ವೈದ್ಯರಲ್ಲಿ ವಿಚಾರಿಸಿ, ಅವರು ಹೇಳಿದ ಚಿಕಿತ್ಸೆ ಮುಗಿದ ಮೇಲೆ ಮತ್ತೊಮ್ಮೆ ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ದಾನಿಗಳ ಪಟ್ಟಿಯನ್ನು ನೋಡಿಕೊಳ್ಳುವ ಕೆಲಸ ಅವಳಿಗೆ ಒಪ್ಪಿಗೆಯಾಗಬಹುದು. ಹೀಗೆ ಹಿಂದಿರುಗಿದವರ ಹೆಸರನ್ನು ಸಂಘಗಳು ಪಟ್ಟಿಯಿಂದ ತೆಗೆದುಹಾಕಬಾರದು. ಚಿಕಿತ್ಸೆಯ ಅವಧಿ ಮುಗಿಯುವ ತಿಂಗಳನ್ನು ಹೆಸರಿನ ಮುಂದೆ ಬರೆದುಕೊಂಡು, ಆಗ ಒಂದು ಕರೆ ಮಾಡಬೇಕು.