ಗದ್ದೆಯಲ್ಲಿ ಸಿಕ್ಕ ಕಾಡುಬೆಕ್ಕಿನ ಮರಿಗೆ ಯಾವ ಆಹಾರ ಒಳ್ಳೆಯದು?

ಕಬ್ಬು ಕಡಿಯುವಾಗ ಸಿಕ್ಕ ಮರಿಗೆ ಎರಡು ದಿನದಿಂದ ಹಾಲು, ಬೇಯಿಸಿದ ಬೋನ್‌ಲೆಸ್ ಚಿಕನ್ ಕೊಡುತ್ತಿದ್ದೀನಿ ಅಂತ ಬರೆದಿದ್ದೀರಿ. ಓದಿ ಎದೆ ಧಸಕ್ ಅಂದಿತು. ಒಂಬತ್ತು ವರ್ಷದ ಹಿಂದೆ ನಾನೂ ಅದನ್ನೇ ಕೊಟ್ಟೆ.

ನಮ್ಮದು ಮದ್ದೂರು ಕಡೆ. ಕೊನೆಯ ಎರಡು ಸಾಲು ಕಬ್ಬು ಉಳಿದಿತ್ತು, ತರಗಿನ ಒಳಗೆ ಒಂದು ಮರಿ ಕೂಗುತ್ತಿತ್ತು. ಆಳುಗಳು ಚಿರತೆ ಮರಿ ಅಂತ ಹೆದರಿ ಬದುವಿಗೆ ಓಡಿದರು. ನೋಡಿದರೆ ಚುಕ್ಕಿ ಇಲ್ಲ, ಮಾಸಲು ಪಟ್ಟೆ. ಕಾಡುಬೆಕ್ಕು. ಟವೆಲ್‌ನಲ್ಲಿ ಸುತ್ತಿ ಮನೆಗೆ ತಂದೆ.

ಹಸುವಿನ ಹಾಲು ಕುಡಿಸಿದ ರಾತ್ರಿಯೇ ಭೇದಿ. ಅದನ್ನು ನಿಲ್ಲಿಸಿ ಚಿಕನ್‌ಗೆ ಬಂದೆ. ಮೂಳೆ ಗಂಟಲಿಗೆ ಚುಚ್ಚೀತು ಅಂತ ಬರೀ ಎದೆ ಮಾಂಸ, ಅದೂ ಮೆತ್ತಗೆ ಬೇಯಿಸಿ, ಬೆಂದ ನೀರು ಚೆಲ್ಲಿ, ಎಳೆ ಎಳೆಯಾಗಿ ಬಿಡಿಸಿ ಕೊಡುತ್ತಿದ್ದೆ. ಗಬಗಬ ತಿನ್ನುತ್ತಿತ್ತು, ಮೈ ತುಂಬಿಕೊಂಡಿತು. ಎರಡು ತಿಂಗಳು ಹೀಗೇ ನಡೆಯಿತು. ಆಮೇಲೆ ಹಿಂಗಾಲು ಅಗಲವಾಗಿ ಇಟ್ಟು ನಡೆಯೋಕೆ ಶುರು ಮಾಡಿತು, ಎತ್ತಿಕೊಂಡರೆ ಕಿರುಚುತ್ತಿತ್ತು. ಒಂದು ಬೆಳಿಗ್ಗೆ ರಾಗಿ ಮೂಟೆಯಿಂದ ಕೆಳಗೆ ಹಾರಿತು. ಎರಡೇ ಅಡಿ. ತೊಡೆ ಮೂಳೆ ಮುರಿಯಿತು.

ಎಕ್ಸ್‌ರೇಯಲ್ಲಿ ಮೂಳೆಗೂ ಸುತ್ತಲಿನ ಮಾಂಸಕ್ಕೂ ವ್ಯತ್ಯಾಸವೇ ಸರಿಯಾಗಿ ಕಾಣಲಿಲ್ಲ. ಡಾಕ್ಟರು ಕೇಳಿದ್ದು ಒಂದೇ: "ಮೂಳೆ ತಿನ್ನಿಸ್ತಿದ್ರಾ?"

100 ಗ್ರಾಂ ಕೋಳಿ ಎದೆ ಮಾಂಸದಲ್ಲಿ ರಂಜಕ (ಫಾಸ್ಫರಸ್) ಸುಮಾರು 200 ಮಿಲಿಗ್ರಾಂ, ಕ್ಯಾಲ್ಸಿಯಂ ಬರೀ 10ರ ಆಸುಪಾಸು. ಬೆಳೆಯುವ ಮರಿಗೆ ಎರಡೂ ಹೆಚ್ಚುಕಮ್ಮಿ ಸಮ ಇರಬೇಕು, ಕ್ಯಾಲ್ಸಿಯಂ ಸ್ವಲ್ಪ ಜಾಸ್ತಿಯೇ ಇರಬೇಕು. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದರೆ ನರ, ಗುಂಡಿಗೆ ನಡೆಯಲ್ಲ, ಅದಕ್ಕೆ ದೇಹ ತನ್ನ ಮೂಳೆಯಿಂದಲೇ ಅದನ್ನು ಕಿತ್ತು ರಕ್ತಕ್ಕೆ ಸೇರಿಸುತ್ತದೆ. ಅಂದರೆ ನಾನು ಪ್ರೀತಿಯಿಂದ ಮಾಂಸ ಹಾಕಿದಷ್ಟೂ ಅದರ ಮೂಳೆ ಟೊಳ್ಳಾಗುತ್ತಾ ಹೋಯಿತು. ತಾಯಿ ಆದರೆ ಇಲಿ ತಂದು ಕೊಡುತ್ತಿತ್ತು. ಇಲಿಯನ್ನು ತಲೆ, ಮೂಳೆ, ಲಿವರ್, ಗುಂಡಿಗೆ ಸಮೇತ ತಿನ್ನುತ್ತವೆ. ಮೂಳೆಯಿಂದ ಕ್ಯಾಲ್ಸಿಯಂ. ಲಿವರ್‌ನಿಂದ ವಿಟಮಿನ್ ಎ, ಏಕೆಂದರೆ ಬೆಕ್ಕಿನ ಜಾತಿಗೆ ಕ್ಯಾರೆಟ್‌ನಿಂದ ಅದನ್ನು ಮಾಡಿಕೊಳ್ಳೋಕೆ ಬರಲ್ಲ. ಗುಂಡಿಗೆಯಲ್ಲಿ ಟಾರಿನ್ ಅನ್ನೋ ಪೋಷಕಾಂಶ ಇರುತ್ತದೆ, ಅದು ಸಿಗದಿದ್ದರೆ ಕಣ್ಣು, ಹೃದಯ ಎರಡೂ ಕೆಡುತ್ತವೆ. ಬೇಯಿಸಿದರೆ ಟಾರಿನ್ ನೀರಿಗೆ ಇಳಿಯುತ್ತದೆ. ನಾನು ದಿನಾ ಚೆಲ್ಲುತ್ತಿದ್ದದ್ದು ಆ ನೀರನ್ನೇ.

ಮರಿ ಬದುಕಿತು, ಆದರೆ ಕಾಲು ಸೊಟ್ಟಗೇ ಕೂಡಿತು. ಬೇಟೆ ಆಡೋಕಾಗದ ಪ್ರಾಣಿಯನ್ನು ಕಾಡಿಗೆ ಬಿಡುವ ಹಾಗಿಲ್ಲ. ಅರಣ್ಯ ಇಲಾಖೆಗೆ ಒಪ್ಪಿಸಿದೆ, ಉಳಿದ ಆಯಸ್ಸು ಪಂಜರದಲ್ಲೇ ಕಳೆಯಿತು.

ಯಾವ ಬ್ರ್ಯಾಂಡ್ ಆಹಾರ ಒಳ್ಳೆಯದು ಅಂತ ಕೇಳಿದ್ದೀರಿ. ಆ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಅದು ಅನಾಥ ಮರಿ ಅಂತ ನಿಮಗೆ ಹೇಳಿದ್ದು ಯಾರು? ಕಟಾವು ಶುರುವಾದರೆ ತಾಯಿ ಮರಿಗಳನ್ನು ಒಂದೊಂದಾಗಿ ಕಚ್ಚಿಕೊಂಡು ಬೇರೆ ಕಡೆ ಸಾಗಿಸುತ್ತದೆ, ಮಧ್ಯೆ ನಾವು ಹೋಗಿ ಉಳಿದದ್ದನ್ನು ಎತ್ತಿಕೊಳ್ಳುತ್ತೇವೆ. ಪಕ್ಕದ ಗದ್ದೆಯವರು ನನಗೆ ಎಷ್ಟೋ ದಿನದ ಮೇಲೆ ಹೇಳಿದರು, ರಾತ್ರಿ ಮೋಟರ್ ಹಾಕೋಕೆ ಹೋದಾಗ ಮೂರು ದಿನ ಬ್ಯಾಟರಿ ಬೆಳಕಲ್ಲಿ ಒಂದು ದೊಡ್ಡ ಬೆಕ್ಕು ಅದೇ ಬದುವಿನ ಮೇಲೆ ಓಡಾಡುತ್ತಿತ್ತಂತೆ.

ಅದಕ್ಕೇ ಹೇಳ್ತಿದ್ದೀನಿ, ಈಗಲೇ ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದನ್ನು ಮನೆಯಲ್ಲಿ ಸಾಕುವುದು ಅಪರಾಧ ಕೂಡ. ಅವರು ಬರುವ ತನಕ ಹಾಲು ಬೇಡ. ಬೆಚ್ಚಗಿಡಿ. ತಿನ್ನುವ ವಯಸ್ಸಿನದಾದರೆ ಬೆಕ್ಕಿನ ಮರಿಗಳ ಡಬ್ಬಿ ಆಹಾರ ಒಂದೆರಡು ದಿನಕ್ಕೆ ಸಾಕು, ಅದರಲ್ಲಿ ಕ್ಯಾಲ್ಸಿಯಂ, ಟಾರಿನ್ ಸೇರಿಸಿರುತ್ತಾರೆ. ಬೇಯಿಸಿದ ಮೂಳೆಯನ್ನಂತೂ ಕೊಡಲೇಬೇಡಿ, ಅದು ಚೂಪಾಗಿ ಸೀಳುತ್ತದೆ. ಸಂಜೆ ಅವರ ಜೊತೆ ಹೋಗಿ, ಸಿಕ್ಕ ಜಾಗದಲ್ಲೇ, ಮರಿ ಹತ್ತಿ ಬರಲಾಗದ ಬುಟ್ಟಿಯಲ್ಲಿಟ್ಟು ದೂರ ನಿಲ್ಲಿ. ಮನುಷ್ಯರ ವಾಸನೆ ತಾಗಿದರೆ ತಾಯಿ ಸೇರಿಸಲ್ಲ ಅನ್ನೋದು ಸುಳ್ಳು. ಮೊದಲ ರಾತ್ರಿ ಬರದಿದ್ದರೆ ಮಾರನೇ ಸಂಜೆ ಮತ್ತೆ ಇಡಿ. ಏನಾಯಿತು ಅಂತ ದಯವಿಟ್ಟು ತಿಳಿಸಿ, ನಾನು ಕಾಯ್ತಿರ್ತೀನಿ.